ಅಮೆರಿಕದ ಹಳೇ ಚಕಮಕಿ ಲಾಂಗ್ ರೈಫಲ್: ಕೆಲಸ, ಸ್ಥಿತಿ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೂರ್ವ ಭಾಗದಲ್ಲಿ, ಅದರಲ್ಲೂ ಪೆನ್ಸಿಲ್ವೇನಿಯಾದಲ್ಲಿ, ಹಳೇ ಸಾಮಾನಿನ ಹರಾಜಿಗೆ ಹೋದವರಿಗೆ ಆಳೆತ್ತರದ ಕೋವಿಯೊಂದು ಕಣ್ಣಿಗೆ ಬೀಳುವುದುಂಟು. ಪಟ್ಟೆ ಪಟ್ಟೆ ಮರ, ಹಿಂಬದಿಯಲ್ಲಿ ಹಿತ್ತಾಳೆಯ ಪುಟ್ಟ ಪೆಟ್ಟಿಗೆ, ಎಂಟು ಮುಖದ ಉದ್ದ ನಳಿಗೆ. ಅದನ್ನು ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಸೇರಿಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಹೊಳಪು ನೋಡಬೇಡಿ, ಗೆರೆ ನೋಡಿ, ಅಂದರೆ ಇಡೀ ಕೋವಿಯ ಆಕಾರ ಹರಿಯುವ ಬಗೆ. ಮತ್ತೆ, ಹಳೇ ಮೈಯನ್ನು ದಯವಿಟ್ಟು ಮುಟ್ಟಿ ಕೆಡಿಸಬೇಡಿ.

ಲಾಂಗ್ ರೈಫಲ್ ಅಂದ್ರೆ ಯಾವ ಕೋವಿ?

18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಮೇರಿಲ್ಯಾಂಡ್, ವರ್ಜೀನಿಯಾ, ನಾರ್ತ್ ಕೆರೊಲಿನಾ, ಟೆನೆಸ್ಸಿ ಕಡೆಗೆಲ್ಲ ಹಬ್ಬಿದ ಬೇಟೆ ಕೋವಿ. ಬಾಯಿಯ ಕಡೆಯಿಂದ ಮದ್ದು ತುಂಬಬೇಕು. ನಳಿಗೆಯ ಒಳಗೆ ಸುರುಳಿ ಗೆರೆ ಇರುತ್ತದೆ, ಅದಕ್ಕೇ ರೈಫಲ್. ನಳಿಗೆ ಸಾಮಾನ್ಯವಾಗಿ 42ರಿಂದ 46 ಇಂಚು. ಪೂರ್ತಿ ಕೋವಿ ಹತ್ತಿರ ಹತ್ತಿರ 5 ಅಡಿ. ಮರ ನಳಿಗೆಯ ತುದಿಯವರೆಗೂ ಹೋಗಿರುತ್ತದೆ.

ಇದರ ಮೂಲ ಜರ್ಮನ್ ನಾಡಿನ ಯೇಗರ್ ರೈಫಲ್. ಅದು ಗಿಡ್ಡ, ದಪ್ಪ, ದೊಡ್ಡ ಗುಂಡಿನದು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಕೆಲಸಗಾರರು ಲ್ಯಾಂಕಾಸ್ಟರ್, ರೀಡಿಂಗ್, ನಾಜರೆತ್ ಕಡೆ ನೆಲೆ ನಿಂತು, ಇಲ್ಲಿನ ಕಾಡಿಗೆ, ಇಲ್ಲಿನ ಬೇಟೆಗಾರನ ಜೇಬಿಗೆ ಒಗ್ಗುವ ಹಾಗೆ ಅದನ್ನು ನಿಧಾನವಾಗಿ ಬದಲಾಯಿಸಿದರು.

ಕೆಂಟಕಿ ರೈಫಲ್ ಅಂತಾರಲ್ಲ, ಅದು ಬೇರೇನಾ?

ಬೇರೆ ಅಲ್ಲ, ಇದೇ. 1815ರ ಜನವರಿ 8ರ ನ್ಯೂ ಆರ್ಲಿಯನ್ಸ್ ಯುದ್ಧದ ನಂತರ ಕೆಂಟಕಿಯ ಬೇಟೆಗಾರರನ್ನು ಹೊಗಳುವ ಹಾಡೊಂದು ಜನರ ಬಾಯಲ್ಲಿ ಹರಿದಾಡಿತು, ಹೆಸರೂ ಅಂಟಿಕೊಂಡಿತು. ಮಾಡಿದ್ದು ಮಾತ್ರ ಬಹುಪಾಲು ಪೆನ್ಸಿಲ್ವೇನಿಯಾದಲ್ಲಿ.

ಅಷ್ಟು ಉದ್ದದ ನಳಿಗೆ ಯಾಕೆ ಬೇಕಿತ್ತು?

ಮುಖ್ಯ ಕಾರಣ ಗುರಿ. ಹಿಂದಿನ ಗುರಿಕಣ್ಣಿಗೂ ಮುಂದಿನದಕ್ಕೂ ನಡುವೆ ದೂರ ಜಾಸ್ತಿಯಾದಷ್ಟು ಗುರಿಯಲ್ಲಿ ಆಗುವ ತಪ್ಪು ಕಮ್ಮಿ. ಉದ್ದ ನಳಿಗೆಯಲ್ಲಿ ಕಪ್ಪು ಮದ್ದು ಚೆನ್ನಾಗಿ ಉರಿಯಲು ಸಮಯವೂ ಸಿಗುತ್ತದೆ.

ಉದ್ದಕ್ಕಿಂತ ದೊಡ್ಡ ಬದಲಾವಣೆ ಆಗಿದ್ದು ಗುಂಡಿನ ಗಾತ್ರದಲ್ಲಿ, ಅದು ಸಣ್ಣದಾಯಿತು. ಪಾಯಿಂಟ್ 60 ಇಂಚು ಗಾತ್ರದ ಗುಂಡಾದರೆ ಒಂದು ಪೌಂಡ್ ಸೀಸದಲ್ಲಿ ಸುಮಾರು 20 ಆಗುತ್ತವೆ. ಪಾಯಿಂಟ್ 50 ಆದರೆ 40ರ ಹತ್ತಿರ ಬರುತ್ತದೆ. ವಾರಗಟ್ಟಲೆ ಕಾಡಲ್ಲಿ ಇರುವವನು ಸೀಸ, ಮದ್ದು ಎರಡನ್ನೂ ಹೊತ್ತುಕೊಂಡೇ ನಡೆಯಬೇಕು. ಅವನಿಗೆ ಈ ಲೆಕ್ಕ ಬಹಳ ಮುಖ್ಯ ಅಲ್ವಾ.

ಚಕಮಕಿ ಹೇಗೆ ಕೆಲಸ ಮಾಡುತ್ತದೆ?

ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿಯುವ ಸುತ್ತಿಗೆಯಂಥ ಭಾಗಕ್ಕೆ ಕುದುರೆ ಅನ್ನುತ್ತಾರೆ. ಅದರ ಬಾಯಲ್ಲಿ, ಚರ್ಮದ ತುಂಡಿನಲ್ಲಿ ಸುತ್ತಿ ಬಿಗಿದ ಚಕಮಕಿ ಕಲ್ಲು. ಅದರ ಎದುರಿಗೆ ನೆಟ್ಟಗೆ ನಿಂತ ಉಕ್ಕಿನ ಪಟ್ಟಿ, ಅದನ್ನು ಫ್ರಿಝನ್ ಅನ್ನುತ್ತಾರೆ. ಟ್ರಿಗರ್ ಎಳೆದಾಗ ಕಲ್ಲು ಉಕ್ಕನ್ನು ಕೆರೆಯುತ್ತದೆ, ಕಿಡಿ ಹಾರುತ್ತದೆ, ಅದೇ ಏಟಿಗೆ ಉಕ್ಕಿನ ಪಟ್ಟಿ ಮುಂದಕ್ಕೆ ಬಾಗಿ ಕೆಳಗಿನ ಬಟ್ಟಲು ತೆರೆದುಕೊಳ್ಳುತ್ತದೆ. ಬಟ್ಟಲಲ್ಲಿರುವ ಚಿಟಿಕೆ ಮದ್ದು ಹೊತ್ತಿ, ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಬೆಂಕಿ ಒಳಗೆ ಹೋಗುತ್ತದೆ.

ಹಾರುವ ಕಿಡಿ ಉಕ್ಕಿನದು, ಕಲ್ಲಿನದಲ್ಲ. ಕಲ್ಲಿನ ಚೂಪು ಅಂಚು ಉಕ್ಕಿನ ಸಣ್ಣ ಚೂರುಗಳನ್ನು ಕೆರೆದು ತೆಗೆಯುತ್ತದೆ. ಹಾಗಾಗಿ ಉಕ್ಕಿನ ಮುಖ ಸವೆಯುತ್ತಾ ಹೋಗುತ್ತದೆ, ಸವೆದರೆ ಅದಕ್ಕೆ ಹೊಸ ಉಕ್ಕಿನ ತಗಡು ಕೂರಿಸುತ್ತಿದ್ದರು. ಹಳೇ ಕೋವಿಯ ಫ್ರಿಝನ್ ಮೇಲೆ ಹಾಗೆ ತೇಪೆ ಹಾಕಿದ್ದು ಕಂಡರೆ ಅದು ದೋಷ ಅಲ್ಲ. ಆ ಕೋವಿ ದುಡಿದಿದೆ ಅಂತ ಅರ್ಥ.

ಒಬ್ಬನೇ ಕೂತು ಪೂರ್ತಿ ಮಾಡುತ್ತಿದ್ದನಾ?

ಹಾಗೆ ಮಾಡಬಲ್ಲವರು ಇದ್ದರು. ಕಮ್ಮಾರಿಕೆ, ಬಡಗಿ ಕೆಲಸ, ಹಿತ್ತಾಳೆ ಎರಕ, ಬೆಳ್ಳಿ ಕೆಲಸ, ಕೆತ್ತನೆ ಎಲ್ಲವೂ ಒಬ್ಬನ ಕೈಯಲ್ಲಿ ಇರಬೇಕಿತ್ತು, ಹುಡುಗರು ವರ್ಷಗಟ್ಟಲೆ ಯಜಮಾನನ ಹತ್ತಿರ ಇದ್ದು ಕಲಿಯುತ್ತಿದ್ದರು. ಆದರೆ ವ್ಯವಹಾರದಲ್ಲಿ ಎಲ್ಲರೂ ಎಲ್ಲವನ್ನೂ ಮಾಡುತ್ತಿರಲಿಲ್ಲ. ನಳಿಗೆ ಮಾಡುವವರು ಬೇರೆ ಇದ್ದರು. ಲಾಕ್, ಅಂದರೆ ಕುದುರೆ, ಫ್ರಿಝನ್, ಬಟ್ಟಲು ಸೇರಿದ ಕಿಡಿ ಹಾರಿಸುವ ಯಂತ್ರ, ಎಷ್ಟೋ ಸಲ ಇಂಗ್ಲೆಂಡ್ ಅಥವಾ ಜರ್ಮನಿಯಿಂದ ಬರುತ್ತಿತ್ತು. ಮೇಸ್ತ್ರಿಯ ನಿಜವಾದ ಕೈಚಳಕ ಕಾಣುವುದು ಮರದಲ್ಲಿ, ಹಿತ್ತಾಳೆ ಕೂರಿಸಿದ ಬಗೆಯಲ್ಲಿ, ಕೆತ್ತನೆಯಲ್ಲಿ.

ಯಂತ್ರ ಇಲ್ಲದ ಕಾಲದಲ್ಲಿ ನಳಿಗೆ ಹೇಗೆ ಮಾಡುತ್ತಿದ್ದರು?

ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೆದು ಕಬ್ಬಿಣದ ಉದ್ದ ಪಟ್ಟಿ ತೆಗೆದುಕೊಳ್ಳುತ್ತಾರೆ. ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ತೋಡಿನಲ್ಲಿಟ್ಟು ಬಡಿದು, ಪಟ್ಟಿಯ ಎರಡು ಅಂಚು ಸೇರುವ ಹಾಗೆ ಉದ್ದಕ್ಕೂ ಸುತ್ತುತ್ತಾರೆ. ಆಮೇಲೆ ಬೆಸುಗೆ. ಪೂರ್ತಿ ಉದ್ದವನ್ನು ಒಂದೇ ಸಲ ಬೆಸೆಯಲು ಆಗುವುದಿಲ್ಲ, ಕೆಲವೇ ಇಂಚು ಭಾಗವನ್ನು ಬಿಳುಪೇರುವಷ್ಟು ಕಾಯಿಸಿ, ಬಿಳಿಗಾರವನ್ನೋ ಮರಳನ್ನೋ ಉದುರಿಸಿ, ಒಳಗೆ ಕಬ್ಬಿಣದ ಸಲಾಕೆ ತೂರಿಸಿ, ಅದು ಅಂಟಿಕೊಳ್ಳುವ ಮೊದಲೇ ಬಡಿದು ಸಲಾಕೆ ಹೊರಗೆ ಎಳೆದುಬಿಡಬೇಕು. ಹೀಗೆ ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಉದ್ದ. ಕಾವು ಸ್ವಲ್ಪ ಕಮ್ಮಿಯಾದರೆ ಬೆಸುಗೆ ಹಿಡಿಯುವುದಿಲ್ಲ. ಜಾಸ್ತಿಯಾದರೆ ಕಬ್ಬಿಣವೇ ಸುಟ್ಟುಹೋಗುತ್ತದೆ.

ಮುಂದೆ ಬೈರಿಗೆ ಹಾಕಿ ಒಳಗಿನ ತೂತನ್ನು ದೊಡ್ಡದು ಮಾಡುತ್ತಾ ನುಣುಪು ಮಾಡುವುದು. ನಳಿಗೆ ನೆಟ್ಟಗಿದೆಯಾ ಅಂತ ಬಿಗಿಯಾಗಿ ಎಳೆದ ದಾರವನ್ನು ಒಳಗೆ ಹಾಯಿಸಿ ಕಣ್ಣಲ್ಲೇ ನೋಡುತ್ತಿದ್ದರು. ಡೊಂಕು ಕಂಡಲ್ಲಿ ಸುತ್ತಿಗೆಯ ಏಟು. ಹೊರಗೆ ಎಂಟು ಮುಖ ಬರುವ ಹಾಗೆ ಅರ ಹಾಕಿ ತಿಕ್ಕುತ್ತಿದ್ದರು.

ಕೊನೆಗೆ ಸುರುಳಿ ಗೆರೆ. ಉದ್ದನೆಯ ಬೆಂಚಿನ ಮೇಲೆ ಒಂದು ಕಡೆ ನಳಿಗೆ, ಇನ್ನೊಂದು ಕಡೆ ಸುರುಳಿ ಕೊರೆದ ಮರದ ದಿಮ್ಮಿ. ದಿಮ್ಮಿಯನ್ನು ಎಳೆದರೆ ಅದು ತಾನೇ ತಿರುಗುತ್ತದೆ. ಅದಕ್ಕೆ ಸಿಕ್ಕಿಸಿದ ಕೋಲಿನ ತುದಿಯಲ್ಲಿ ಗರಗಸದ ಹಲ್ಲಿನಂಥ ಸಣ್ಣ ಅಲಗು. ಒಂದು ಸಲ ಎಳೆದರೆ ಕೂದಲೆಳೆಯಷ್ಟು ಕಬ್ಬಿಣ ಬರುತ್ತದೆ. ಅಲಗಿನ ಕೆಳಗೆ ತೆಳು ಕಾಗದದ ಚೂರು ಇಟ್ಟು ಎತ್ತರಿಸಿ ಮತ್ತೆ ಎಳೆಯಬೇಕು. ಸಾಮಾನ್ಯವಾಗಿ ಏಳೋ ಎಂಟೋ ಗೆರೆ, 48 ಇಂಚಿಗೆ ಹೆಚ್ಚುಕಮ್ಮಿ ಒಂದು ಪೂರ್ತಿ ಸುತ್ತು. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಹಳೇ ಪಟ್ಟಣವನ್ನು ಹಾಗೇ ಉಳಿಸಿಕೊಂಡಿದ್ದಾರಲ್ಲ, ಅಲ್ಲಿನ ಕೋವಿ ಮಾಡುವ ಅಂಗಡಿಯಲ್ಲಿ ಹಳೇ ಕಾಲದ ಸಲಕರಣೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ.

ಮರದ ಮೇಲಿನ ಹುಲಿಪಟ್ಟೆ ಬಣ್ಣ ಬಳಿದಿದ್ದಾ?

ಒಳ್ಳೆಯ ಕೋವಿಯಲ್ಲಿ ಅಲ್ಲ. ಅದು ಮೇಪಲ್ ಮರ. ಕೆಲವು ಮೇಪಲ್ ಮರಗಳ ನಾರು ಅಲೆ ಅಲೆಯಾಗಿ ಬೆಳೆಯುತ್ತದೆ, ಬೆಳಕು ಬಿದ್ದಾಗ ಅದೇ ಪಟ್ಟೆಯಾಗಿ ಕಾಣುತ್ತದೆ. ಕೋವಿಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ನಿಜವಾದ ಪಟ್ಟೆಯಾದರೆ ಕಪ್ಪಗಿದ್ದದ್ದು ತಿಳಿಯಾಗುತ್ತದೆ, ತಿಳಿಯಾಗಿದ್ದದ್ದು ಕಪ್ಪಾಗುತ್ತದೆ. ಬಳಿದ ಪಟ್ಟೆ ಎತ್ತ ತಿರುಗಿಸಿದರೂ ಇದ್ದ ಹಾಗೇ ಇರುತ್ತದೆ.

ಬಳಿದ ಪಟ್ಟೆ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ. 1834ರಿಂದ ಲ್ಯಾಂಕಾಸ್ಟರ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಕೋವಿ ಮಾಡಿದ ಹೆನ್ರಿ ಲೀಮನ್ ಸಾದಾ ಮೇಪಲ್ ಮೇಲೆ ಪಟ್ಟೆ ಬಳಿಸಿಯೇ ಮಾರುತ್ತಿದ್ದ.

ಬಣ್ಣದ ವಿಷಯ ಬೇರೆ. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣವನ್ನು ಮರಕ್ಕೆ ಹಚ್ಚಿ ಬಿಸಿ ತಾಗಿಸಿದರೆ ಕೆಂಪು ಮಿಶ್ರಿತ ಕಂದು ಬಣ್ಣ ಏಳುತ್ತದೆ, ಪಟ್ಟೆಯೂ ಎದ್ದು ಕಾಣುತ್ತದೆ. ಅದರ ಮೇಲೆ ಅಗಸೆ ಎಣ್ಣೆ ಅಥವಾ ವಾರ್ನಿಷ್. ವಾಲ್‌ನಟ್, ಚೆರ್ರಿ ಮರದ ಕೋವಿಗಳೂ ಇವೆ, ಕಮ್ಮಿ.

ಕೆಲಸ ಚೆನ್ನಾಗಿದೆಯಾ ಇಲ್ವಾ ಅಂತ ಹೇಗೆ ನೋಡಬೇಕು?

ಹೊಸಬರು ಮೊದಲು ಬೆಳ್ಳಿ ಎಣಿಸುತ್ತಾರೆ. ಎಷ್ಟು ನಕ್ಷತ್ರ, ಎಷ್ಟು ಅರ್ಧಚಂದ್ರ, ಎಷ್ಟು ಮೀನು. ನಾನು ಬೆಳ್ಳಿಯನ್ನು ಕೊನೆಗೆ ನೋಡುತ್ತೇನೆ.

ಮೊದಲು ನಾಲ್ಕು ಹೆಜ್ಜೆ ದೂರ ನಿಂತು ಇಡೀ ಕೋವಿಯ ಗೆರೆ ನೋಡಿ. ಹಿಂಬದಿಯಿಂದ ಹೊರಟ ಮೇಲಿನ ಗೆರೆ ಕೈ ಹಿಡಿಯುವ ಸಣ್ಣ ಭಾಗದ ಹತ್ತಿರ ಇಳಿದು, ಲಾಕ್ ಹತ್ತಿರ ಸ್ವಲ್ಪ ಅಗಲವಾಗಿ, ಅಲ್ಲಿಂದ ಮುಂದಕ್ಕೆ ಸಣ್ಣಗಾಗುತ್ತಾ ಹೋಗಬೇಕು. ಎಲ್ಲೂ ಮರ ಬೊಜ್ಜಿನ ಹಾಗೆ ಉಳಿದಿರಬಾರದು. ಒಳ್ಳೇ ಮೇಸ್ತ್ರಿ ನಳಿಗೆಯ ಪಕ್ಕದ ಮರವನ್ನು ನಂಬಲಾಗದಷ್ಟು ತೆಳುವಾಗಿ ಇಳಿಸಿರುತ್ತಾನೆ. ಹಳೇ ನಳಿಗೆಗಳೂ ಒಂದೇ ದಪ್ಪ ಇರುವುದಿಲ್ಲ: ಹಿಂದೆ ದಪ್ಪ, ನಡುವೆ ಸಣ್ಣ, ಬಾಯಿಯ ಹತ್ತಿರ ಮತ್ತೆ ತುಸು ಅರಳಿರುತ್ತದೆ. ನಳಿಗೆ ಕೂರುವ ಮರದ ತೋಡನ್ನೂ ಅದೇ ಏರಿಳಿತಕ್ಕೆ ಸರಿಯಾಗಿ ಕೊರೆಯಬೇಕು, ಉಳಿಯಲ್ಲೇ. ಅದೆಷ್ಟು ಕಷ್ಟ ಅಂತ ಮರಗೆಲಸ ಗೊತ್ತಿದ್ದವರನ್ನು ಕೇಳಿ.

ಆಮೇಲೆ ಹತ್ತಿರ ಬನ್ನಿ. ಹಿತ್ತಾಳೆಗೂ ಮರಕ್ಕೂ ನಡುವೆ ಸಂದು ಇದೆಯಾ? ಲೋಹಕ್ಕೆ ಮಸಿ ಹಚ್ಚಿ, ಮರದ ಗುಂಡಿಯಲ್ಲಿ ಒತ್ತಿ, ಮಸಿ ತಾಗಿದ ಕಡೆ ಮಾತ್ರ ಕೆರೆದು, ಮತ್ತೆ ಒತ್ತಿ, ಹೀಗೆ ತಾಳ್ಮೆಯಿಂದ ಕೂರಿಸುತ್ತಿದ್ದರು. ಕೆನ್ನೆ ಇಡುವ ಕಡೆ ಎಡಮಗ್ಗುಲಿಗೆ ಉಬ್ಬು ಕೆತ್ತನೆ ಇರುತ್ತದೆ: ಬಳ್ಳಿ, ಸುರುಳಿ ಎಲೆ. ಒಳ್ಳೆಯ ಉಬ್ಬು ಕೆತ್ತನೆಯ ಎತ್ತರ ಬಹಳ ಕಮ್ಮಿ. ಸುತ್ತಲಿನ ಮರವನ್ನು ತಗ್ಗಿಸಿದ ಜಾಗ ಕಾಣಿಸುವುದಿಲ್ಲ, ಬಳ್ಳಿ ಮರದಿಂದಲೇ ಚಿಗುರಿದ ಹಾಗಿರುತ್ತದೆ. ಕೆಟ್ಟ ಕೆತ್ತನೆಯಲ್ಲಿ ಬಳ್ಳಿಯ ಸುತ್ತ ಹಳ್ಳ ತೋಡಿದ್ದು ಕಾಣುತ್ತದೆ. ಬೆರಳು ಸವರಿದರೆ ಗೊತ್ತಾಗುತ್ತದೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ಕಾಲದಿಂದ 1810ರ ದಶಕದವರೆಗಿನ ಕೆಲಸವನ್ನು ಸಂಗ್ರಹಕಾರರು ಸುವರ್ಣಯುಗ ಅನ್ನುತ್ತಾರೆ. ಆಮೇಲೆ ಕೆತ್ತನೆ ಕಮ್ಮಿಯಾಗಿ ಬೆಳ್ಳಿ ಜಾಸ್ತಿಯಾಯಿತು. ನನ್ನ ಮಟ್ಟಿಗೆ ಬೆಳ್ಳಿ ಜಾಸ್ತಿಯಾದಷ್ಟೂ ಗೆರೆ ಬಡವಾಗಿದೆ.

ಹಿಂಬದಿಯ ಹಿತ್ತಾಳೆ ಪೆಟ್ಟಿಗೆ ಯಾಕೆ?

ಅದು ಪ್ಯಾಚ್ ಬಾಕ್ಸ್. ಗುಂಡು ನಳಿಗೆಗಿಂತ ತುಸು ಸಣ್ಣದು. ಕೊಬ್ಬು ಸವರಿದ ಬಟ್ಟೆಯ ಚೂರಲ್ಲಿ ಸುತ್ತಿ ತಳ್ಳಿದರೆ ಸಲೀಸಾಗಿ ಇಳಿಯುತ್ತದೆ, ಹೊರಗೆ ಬರುವಾಗ ಬಟ್ಟೆ ಸುರುಳಿ ಗೆರೆ ಹಿಡಿದು ಗುಂಡನ್ನು ತಿರುಗಿಸುತ್ತದೆ. ಆ ಬಟ್ಟೆ ಚೂರು ಮತ್ತು ಸಣ್ಣಪುಟ್ಟ ಸಾಮಾನು ಇಡುವ ಜಾಗ ಇದು. ಮೊದಲಿನ ಕೋವಿಗಳಲ್ಲಿ ಜಾರುವ ಮರದ ಮುಚ್ಚಳ, ಆಮೇಲೆ ಹಿತ್ತಾಳೆ. ದಕ್ಷಿಣದ ಬೆಟ್ಟಗಳ ಕೋವಿಗಳಲ್ಲಿ ಎಷ್ಟೋ ಸಲ ಪೆಟ್ಟಿಗೆಯೇ ಇಲ್ಲ, ಕೊಬ್ಬು ತುಂಬಲು ಮರದಲ್ಲಿ ಒಂದು ಗುಳಿ ಅಷ್ಟೇ. ಅವುಗಳ ಜೋಡಣೆಯೂ ಹಿತ್ತಾಳೆಗಿಂತ ಕಬ್ಬಿಣದ್ದೇ ಜಾಸ್ತಿ.

ಹೆಸರು ಇಲ್ಲದಿದ್ದರೆ ಯಾವ ಊರಿನದು ಅಂತ ಹೇಳಬಹುದಾ?

ಎಷ್ಟೋ ಸಲ ಹೇಳಬಹುದು. ಒಂದು ಊರಿನ ಮೇಸ್ತ್ರಿ, ಅವನ ಹತ್ತಿರ ಕಲಿತ ಹುಡುಗರು, ಅವರ ಮಕ್ಕಳು ಒಂದೇ ಗೆರೆ ಹಿಡಿಯುತ್ತಿದ್ದರು. ಲ್ಯಾಂಕಾಸ್ಟರ್ ಕೋವಿಯ ಹಿಂಬದಿ ನೆಟ್ಟಗಿನ ತ್ರಿಕೋನ, ಪೆಟ್ಟಿಗೆಯ ತಲೆಯ ಮೇಲೆ ಡೈಸಿ ಹೂವು. ಪೆನ್ಸಿಲ್ವೇನಿಯಾದಲ್ಲೇ ಇರುವ ಲೀಹೈ ಕಡೆಯದಾದರೆ ಮೇಲಿನ ಗೆರೆ ಗರುಡಮೂಗಿನ ಹಾಗೆ ಬಾಗಿರುತ್ತದೆ. ಬೆಡ್‌ಫರ್ಡ್ ಕೋವಿ ತೀರಾ ಸಣಕಲು, ಕಾಲದಲ್ಲೂ ಈಚಿನದು. ನಾಜರೆತ್ ಹತ್ತಿರದ ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನಲ್ಲಿ ಮೊರಾವಿಯನ್ ಅನ್ನುವ ಕ್ರೈಸ್ತ ಪಂಗಡದವರು ನಡೆಸುತ್ತಿದ್ದ ಅಂಗಡಿಯ ಪ್ರಭಾವ ಆ ಸುತ್ತಿನ ಬಹಳ ಕೋವಿಗಳಲ್ಲಿ ಕಾಣುತ್ತದೆ, ಆಂಡ್ರಿಯಾಸ್ ಆಲ್ಬ್ರೆಕ್ಟ್ ಅಲ್ಲಿನ ಮೇಸ್ತ್ರಿ.

ಇದು ಊಹೆಗೆ ಆಧಾರ, ರುಜುವಾತಲ್ಲ. ಮೇಸ್ತ್ರಿಗಳು ಊರು ಬಿಟ್ಟು ಊರಿಗೆ ಹೋಗುತ್ತಿದ್ದರು, ಗೆರೆಯೂ ಜೊತೆಗೆ ಹೋಗುತ್ತಿತ್ತು.

ಲಾಕ್ ಮೇಲೆ ಇಂಗ್ಲಿಷ್ ಕಂಪನಿ ಹೆಸರಿದೆ. ಹಾಗಾದರೆ ಇದು ಅಮೆರಿಕದ್ದಲ್ವಾ?

ಅಮೆರಿಕದ್ದೇ ಇರಬಹುದು. ಬರ್ಮಿಂಗ್‌ಹ್ಯಾಮ್‌ನ ಕೆಟ್‌ಲ್ಯಾಂಡ್ ಹೆಸರಿನ ಲಾಕ್‌ಗಳು ಈ ಕೋವಿಗಳಲ್ಲಿ ಬಹಳ ಸಿಗುತ್ತವೆ. ಅದು ಲಾಕ್ ಮಾಡಿದವರ ಹೆಸರು. ಕೋವಿ ಮಾಡಿದವನ ಹೆಸರು ಹುಡುಕಬೇಕಾದ ಜಾಗ ನಳಿಗೆಯ ಮೇಲ್ಮುಖ, ಹಿಂದಿನ ಗುರಿಕಣ್ಣಿಗೂ ನಳಿಗೆಯ ಹಿಂದಿನ ತುದಿಗೂ ನಡುವೆ. ಪೂರ್ತಿ ಹೆಸರಿರಬಹುದು, ಬರೀ ಎರಡು ಅಕ್ಷರ ಇರಬಹುದು. ತಿಕ್ಕಿ ಓದಲು ಹೋಗಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಲ್ಲಿ ಮೂಡುತ್ತದೆ.

ಹೆಸರು ಇದ್ದರೆ ಅಸಲಿ ಅಂತಲೇ ಅರ್ಥವಾ?

ಇಲ್ಲ. ಹೆಸರಿನಿಂದ ಬೆಲೆ ಏರುತ್ತದೆ, ಹಾಗಾಗಿ ಆಮೇಲೆ ಕೆತ್ತಿಸಿದ ಹೆಸರುಗಳೂ ಇವೆ. ಲ್ಯಾಂಕಾಸ್ಟರ್‌ನ ಜೇಕಬ್ ಡಿಕರ್ಟ್ ಬಹಳ ಹೆಸರು ಮಾಡಿದವನು, 1822ರಲ್ಲಿ ತೀರಿಕೊಂಡ. ಡಿಕರ್ಟ್ ಅಂತ ಬರೆದಿದ್ದರೂ ಕೆತ್ತನೆ, ಪೆಟ್ಟಿಗೆ, ಗೆರೆ ಯಾವುದೂ ಲ್ಯಾಂಕಾಸ್ಟರ್ ಥರ ಇಲ್ಲ ಅಂದರೆ ಹೆಸರಿಗಿಂತ ಕೋವಿಯನ್ನು ನಂಬಿ. ಅಕ್ಷರದ ಗೀರಿನ ಒಳಗೂ ಸುತ್ತಲಿನ ಕಬ್ಬಿಣದಷ್ಟೇ ಹಳೇ ಕಂದು ಇರಬೇಕು.

ವಯಸ್ಸು ಅಂದಾಜು ಮಾಡುವುದು ಹೇಗೆ?

ಭುಜಕ್ಕೆ ಒತ್ತುವ ಭಾಗ ನೋಡಿ. ಅಗಲವಾಗಿ, 2 ಇಂಚಿನ ಹತ್ತಿರ, ಹೆಚ್ಚುಕಮ್ಮಿ ಚಪ್ಪಟೆಯಾಗಿದ್ದರೆ ಹಳೆಯದು. ಕಿರಿದಾಗಿ, ಅರ್ಧಚಂದ್ರದ ಹಾಗೆ ಆಳವಾಗಿ ಬಾಗಿದ್ದರೆ 19ನೇ ಶತಮಾನದ್ದು. ಇಸವಿ ಕೆತ್ತಿದ ಹಳೇ ಕೋವಿಗಳು ಅಪರೂಪ. ರೀಡಿಂಗ್‌ನ ಜಾನ್ ಶ್ರೈಟ್ ಸಹಿ ಮಾಡಿದ 1761ರ ಕೋವಿ ಅದಕ್ಕೇ ಅಷ್ಟು ಪ್ರಸಿದ್ಧ.

ಕೈಗೆ ಸಿಕ್ಕ ತಕ್ಷಣ ಮೊದಲು ಏನು ಮಾಡಬೇಕು?

ಒಳಗೆ ಮದ್ದು ಗುಂಡು ಇದೆ ಅಂತಲೇ ತಿಳಿಯಿರಿ. ಅಟ್ಟದಿಂದ ಇಳಿದ ಕೋವಿಗಳಲ್ಲಿ ನೂರಾರು ವರ್ಷದ ಹಿಂದೆ ತುಂಬಿದ್ದು ಹಾಗೇ ಇರುವುದು ಸಾಮಾನ್ಯ, ಕಪ್ಪು ಮದ್ದು ಒಣಗಿದ್ದರೆ ಅದರ ಕಸುವು ಹೋಗುವುದಿಲ್ಲ. ಬಾಯಿಯ ಎದುರಿಗೆ ಯಾರೂ ನಿಲ್ಲಬಾರದು. ಮರದ ಕೋಲನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಹಾಕಿ. ಹೊರತೆಗೆದು ನಳಿಗೆಯ ಪಕ್ಕಕ್ಕೆ ಅದೇ ಗುರುತಿಗೆ ಹಿಡಿಯಿರಿ. ಕೋಲಿನ ತುದಿ ಬೆಂಕಿ ತೂತಿನ ಹತ್ತಿರ ಬರಬೇಕು. ಒಂದೆರಡು ಇಂಚು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ನೀವಾಗಿ ಕೆದಕಬೇಡಿ. ಈ ಕೋವಿಗಳ ಕೆಲಸ ಗೊತ್ತಿರುವ ಗನ್‌ಸ್ಮಿತ್‌ಗೆ ಫೋನ್ ಮಾಡಿ.

ಹರಾಜಿನವರು ರೀಕನ್ವರ್ಟೆಡ್ ಅಂತ ಬರೆದಿದ್ದಾರೆ. ಏನದು?

ಸ್ಥಿತಿಯ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದು.

1820ರ ನಂತರ ಕೇಪು ಬಂತು, ಅಂದರೆ ಕುದುರೆಯ ಏಟು ಬಿದ್ದರೆ ಹೊತ್ತಿಕೊಳ್ಳುವ ಮದ್ದಿರುವ ಪುಟ್ಟ ಲೋಹದ ಟೋಪಿ. ಮಳೆಯಲ್ಲೂ ಹಾರುವ ಕೋವಿ ಯಾರಿಗೆ ಬೇಡ? ಜನ ತಮ್ಮ ಚಕಮಕಿ ಕೋವಿಯನ್ನು ಊರಿನ ಮೇಸ್ತ್ರಿಯ ಹತ್ತಿರ ಒಯ್ದು ಕೇಪಿನ ಕೋವಿ ಮಾಡಿಸಿಕೊಂಡರು. ಬಟ್ಟಲು ಅರದಿಂದ ತೆಗೆದು, ಫ್ರಿಝನ್ ಮತ್ತು ಅದರ ಸ್ಪ್ರಿಂಗ್ ಬಿಚ್ಚಿ, ಕುದುರೆ ಬದಲಾಯಿಸಿ, ಬೆಂಕಿ ತೂತನ್ನು ದೊಡ್ಡದು ಮಾಡಿ ಅಲ್ಲಿ ಕೇಪು ಕೂರಿಸುವ ಮೊಳೆ ಸಿಕ್ಕಿಸುತ್ತಿದ್ದರು. ಬದಲಾಗದೆ ಉಳಿದ ಚಕಮಕಿ ಕೋವಿಗಳು ಕಮ್ಮಿ. 20ನೇ ಶತಮಾನದಲ್ಲಿ ಸಂಗ್ರಹಕಾರರಿಗೆ ಚಕಮಕಿಯೇ ಬೇಕಾಯಿತು, ಹಾಗಾಗಿ ಕೇಪಿನದನ್ನು ಮತ್ತೆ ಚಕಮಕಿ ಮಾಡಿದರು. ಅದೇ ರೀಕನ್ವರ್ಷನ್.

ಗುರುತು ಹಿಡಿಯಲು ಲಾಕ್ ಬಿಚ್ಚಿ ಒಳಗಡೆ ನೋಡಬೇಕು. ಹಳೇ ತೂತು ಮುಚ್ಚಿದ ಗುಂಡಗಿನ ಕಲೆ ಇದೆಯಾ? ಕುದುರೆ, ಬಟ್ಟಲು, ಫ್ರಿಝನ್ ಮೂರರ ಅಂಚು ಚೂಪಾಗಿದ್ದು ಪ್ಲೇಟ್ ಮಾತ್ರ ಸವೆದಿದೆಯಾ? ನಳಿಗೆಯ ಬೆಂಕಿ ತೂತಿನ ಸುತ್ತ ಬೇರೆ ಲೋಹದ ಬಳೆ ಇದೆಯಾ? ಅಲ್ಲಿನ ಮರದಲ್ಲಿ ಕೇಪಿನ ಮೊಳೆಗೆ ಜಾಗ ಕೊರೆದು ಆಮೇಲೆ ತುಂಬಿದ ಗುರುತು ಇದೆಯಾ? ವರ್ಷಗಟ್ಟಲೆ ಚಕಮಕಿ ಹಾರಿಸಿದ ಕೋವಿಯಲ್ಲಿ ಬಟ್ಟಲಿನ ಹಿಂದಿನ ಮರ ಸುಟ್ಟು ಕಪ್ಪಾಗಿರುತ್ತದೆ, ಪಕ್ಕದ ಕಬ್ಬಿಣ ತಿಂದುಹೋಗಿರುತ್ತದೆ. ಆ ಜಾಗವೇ ನುಣ್ಣಗಿದ್ದರೆ ಅನುಮಾನ ಪಡಿ.

ಚೆನ್ನಾಗಿ ಮಾಡಿದ ರೀಕನ್ವರ್ಷನ್ ತಪ್ಪಲ್ಲ, ಅದನ್ನು ಮುಚ್ಚಿಟ್ಟು ಮಾರುವುದು ತಪ್ಪು. ಕೇಪಿನ ರೂಪದಲ್ಲೇ ಉಳಿದಿರುವ ಕೋವಿ ನಿಮ್ಮ ಹತ್ತಿರ ಇದ್ದರೆ ಹಾಗೇ ಬಿಡಿ. ಅದು ಆ ಕಾಲದಲ್ಲೇ ಆದ ಬದಲಾವಣೆ, ಆ ಕೋವಿಯ ಬಾಳಿನ ಭಾಗ.

ನಳಿಗೆ ಕತ್ತರಿಸಿದ್ದು ಹೇಗೆ ಗೊತ್ತಾಗುತ್ತದೆ?

ಬಾಯಿ ಸವೆದಾಗ ಮುಂದಿನ ತುದಿ ಕತ್ತರಿಸುತ್ತಿದ್ದರು. ಬೆಂಕಿ ತೂತಿನ ಹತ್ತಿರ ಕೆಟ್ಟರೆ ಹಿಂದಿನ ತುದಿ ಕತ್ತರಿಸಿ ಇಡೀ ನಳಿಗೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಆಗ ನಳಿಗೆ ಬಿಗಿಯುವ ಮೊಳೆಗಳ ಹಳೇ ತೂತು ಮರದಲ್ಲಿ ಉಳಿದುಬಿಡುತ್ತದೆ. ಮುಂದಿನ ಗುರಿಕಣ್ಣು ಬಾಯಿಗೆ ತೀರಾ ಹತ್ತಿರ ಬಂದಿದ್ದರೆ, ಜಡಿಯುವ ಕೋಲಿನ ಉಂಗುರಗಳ ನಡುವಿನ ಅಂತರ ಹೊಂದದಿದ್ದರೆ ಏನೋ ಆಗಿದೆ ಅಂತ ಅರ್ಥ. ಮುಂಭಾಗದ ಮರ ತೆಳು, ಬೇಗ ಮುರಿಯುತ್ತದೆ, ಅಲ್ಲಿ ಹೊಸ ಮರ ಬೆಸೆದ ಕೋವಿಗಳು ಬಹಳ. ಬೆಸುಗೆಯನ್ನು ಸಾಮಾನ್ಯವಾಗಿ ಉಂಗುರದ ಅಡಿಯಲ್ಲಿ ಬಚ್ಚಿಡುತ್ತಾರೆ. ಪಟ್ಟೆ ಅಲ್ಲಿಗೆ ತಟ್ಟನೆ ನಿಲ್ಲುತ್ತದಾ ನೋಡಿ.

ಕೈ ಹಿಡಿಯುವ ಜಾಗದಲ್ಲಿ ಮುರಿದು ತಗಡು ಸುತ್ತಿದ್ದಾರೆ. ಬೇಡ್ವಾ?

ಬೇಡ ಅನ್ನಬೇಡಿ. ಅದು ಈ ಕೋವಿಯ ಅತಿ ದುರ್ಬಲ ಜಾಗ, ಸವಾರಿ ಕುದುರೆಯ ಮೇಲಿಂದ ಬಿದ್ದರೂ ಮುರಿಯುತ್ತಿತ್ತು. ಹಸಿ ತೊಗಲು ಬಿಗಿದು, ಹಿತ್ತಾಳೆ ತಗಡು ಮೊಳೆ ಹೊಡೆದು ರಿಪೇರಿ ಮಾಡಿಕೊಂಡು ಮತ್ತೆ ಬೇಟೆಗೆ ಹೋದವರ ಕೈಗುರುತು ಅದು. ಅಂಥ ಹಳೇ ರಿಪೇರಿಯನ್ನು ಕಿತ್ತು ಹೊಸದಾಗಿ ಮಾಡಿಸಿದವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಳಿಗೆ ಒಳಗೆ ಸುರುಳಿ ಗೆರೆಯೇ ಇಲ್ಲ. ಮೋಸವಾ?

ಅಲ್ಲ. ರೈಫಲ್ ರೂಪದಲ್ಲೇ ಮಾಡಿ ಒಳಗೆ ನುಣುಪು ಬಿಟ್ಟ ಕೋವಿಗಳಿದ್ದವು, ಗುಂಡು ಮತ್ತು ಚರೆ ಎರಡೂ ಹಾರಿಸಬಹುದಿತ್ತು. ಗೆರೆ ಸವೆದಾಗ ಪೂರ್ತಿ ಕೊರೆದು ನುಣುಪು ಮಾಡಿಸಿದ್ದೂ ಇರಬಹುದು. ಕೆಲವರು ಗೆರೆಯನ್ನು ಮತ್ತೆ ಆಳ ಮಾಡಿಸುತ್ತಿದ್ದರು, ಆಗ ಗುಂಡಿನ ಅಚ್ಚೂ ಬದಲಾಗುತ್ತಿತ್ತು.

ಹಿತ್ತಾಳೆ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಲಾ?

ದಯವಿಟ್ಟು ಬೇಡ. ಬ್ರಾಸೋ ಬೇಡ, ಉಕ್ಕಿನ ನಾರು ಬೇಡ, ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ. ದೇವರ ಮನೆ ದೀಪ ಹೊಳೆಯಬೇಕು ಸರಿ, ಈ ಕೋವಿಯ ಹಿತ್ತಾಳೆಗೆ ಬಂದಿರುವ ಮಾಗಿದ ಬಣ್ಣ 200 ವರ್ಷದ್ದು. ಅದನ್ನು ಅರ್ಧ ಗಂಟೆಯಲ್ಲಿ ತೆಗೆದುಹಾಕಬಹುದು, ವಾಪಸ್ ತರಲು ಆಗುವುದಿಲ್ಲ. ಕೆತ್ತನೆಯ ಸಣ್ಣ ಗೀರುಗಳೂ ತಿಕ್ಕಿದಷ್ಟು ಸವೆಯುತ್ತವೆ. ಮರಕ್ಕೂ ಅಷ್ಟೇ, ಹಳೇ ವಾರ್ನಿಷ್ ಕೆರೆದು ಹೊಸದು ಹಚ್ಚಿದರೆ ಕೋವಿಯ ಮುಖವೇ ಹೋಯಿತು. ಅಗಸೆ ಎಣ್ಣೆ ಸವರಿದರೆ ಧೂಳು ಹಿಡಿದು ಕಪ್ಪಾಗುತ್ತದೆ, ಒಣಗಿದ ಮೇಲೆ ತೆಗೆಯಲು ಕಷ್ಟ.

ಮಾಡಬಹುದಾದದ್ದು ಇಷ್ಟು. ಮೆದು ಬಟ್ಟೆಯಿಂದ ಧೂಳು ಒರೆಸಿ. ಕೆಂಪಗೆ ಪುಡಿ ಉದುರುವ ತುಕ್ಕು ಇದ್ದರೆ ಅದು ಜೀವಂತ ತುಕ್ಕು, ತೆಳು ಎಣ್ಣೆ ಹಾಕಿ ನೆನೆಸಿ ಬಟ್ಟೆಯಿಂದ ಮೆಲ್ಲಗೆ ತೆಗೆಯಿರಿ. ನುಣ್ಣಗಿನ ಕಂದು ಬಣ್ಣ ಮುಟ್ಟಬೇಡಿ. ಹಿತ್ತಾಳೆ ಅಂಚಿನ ಹಸಿರು ಕಿಲುಬನ್ನು ಮರದ ಕಡ್ಡಿಯಿಂದ ಎತ್ತಬಹುದು. ಮೇಲೆ ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣ, ತೆಳುವಾಗಿ. ಬರಿಗೈಯಲ್ಲಿ ಕಬ್ಬಿಣ ಹಿಡಿಯಬೇಡಿ, ಬೆವರಿನ ಉಪ್ಪು ಬೆರಳಚ್ಚಾಗಿ ತುಕ್ಕು ಹಿಡಿಯುತ್ತದೆ.

ಎಲ್ಲಿ ಇಡಬೇಕು?

ಬಿಸಿಲು ಬೀಳದ, ತೇವ ಒಂದೇ ಸಮ ಇರುವ ಕೋಣೆಯಲ್ಲಿ. ಅಗ್ಗಿಷ್ಟಿಕೆ ಮೇಲೆ ತೂಗುಹಾಕುವುದು ನೋಡಲು ಚೆಂದ, ಮರಕ್ಕೆ ಕೆಟ್ಟದ್ದು, ಒಣಗಿ ಸೀಳುತ್ತದೆ. ಕುದುರೆ ಎಳೆದಿಡಬೇಡಿ.

ಬಿಚ್ಚಿ ನೋಡಬಹುದಾ?

ಲಾಕ್ ಬಿಚ್ಚಬಹುದು, ತಿರುಪಿನ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇದ್ದರೆ ಮಾತ್ರ. ಆ ತಿರುಪುಗಳು ಕೈಯಲ್ಲಿ ಮಾಡಿದವು, ಗೀರು ಸಣ್ಣದು, ಒಂದು ತೂತಿನದು ಇನ್ನೊಂದಕ್ಕೆ ಹೋಗುವುದಿಲ್ಲ. ನಳಿಗೆಯನ್ನು ಮರದಿಂದ ತೆಗೆಯುವುದು ಬೇಡ. ಸಣ್ಣ ಮೊಳೆಗಳನ್ನು ಹೊಡೆಯುವಾಗ ಸುತ್ತಲಿನ ಮರ ಚಕ್ಕೆ ಏಳುತ್ತದೆ.

ಹಾರಿಸಬಹುದಾ?

ನನ್ನ ಉತ್ತರ ಬೇಡ. ಬೆಸುಗೆಯ ನಳಿಗೆ, ಒಳಗೆ ಎಲ್ಲಿ ತುಕ್ಕು ತಿಂದಿದೆ ಅಂತ ಹೊರಗಿಂದ ಕಾಣುವುದಿಲ್ಲ. ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತದೆ. ಹಾರಿಸುವ ಆಸೆ ಇದ್ದರೆ ಇವತ್ತಿಗೂ ಹಳೇ ರೀತಿಯಲ್ಲೇ ಹೊಸ ಲಾಂಗ್ ರೈಫಲ್ ಮಾಡುವ ಬಹಳ ಒಳ್ಳೆಯ ಕೆಲಸಗಾರರು ಅಮೆರಿಕದಲ್ಲಿದ್ದಾರೆ, ಅವರ ಹತ್ತಿರ ಮಾಡಿಸಿಕೊಳ್ಳಿ.

ಲೈಸೆನ್ಸ್ ಬೇಕಾ? ಊರಿಗೆ ತರಬಹುದಾ?

ಅಮೆರಿಕದ 1968ರ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿಯನ್ನು ಪುರಾತನ ವಸ್ತು ಅಂತ ಪರಿಗಣಿಸುತ್ತಾರೆ. ರಾಜ್ಯಗಳ ಕಾನೂನು ಬೇರೆ ಬೇರೆ, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ಭಾರತದಲ್ಲಿ 1959ರ ಆಯುಧ ಕಾಯ್ದೆ ಇದೆ. ಅದರಲ್ಲಿ ಪುರಾತನ ಆಯುಧಕ್ಕೆ ವಿನಾಯಿತಿ ಸಿಗುವುದು ರಿಪೇರಿ ಮಾಡಿದರೂ ಹಾರಿಸಲು ಆಗದ ಸ್ಥಿತಿಯಲ್ಲಿದ್ದರೆ ಮಾತ್ರ. ಕಿಡಿ ಹಾರಿಸುವ ಚಕಮಕಿ ಕೋವಿ ಆ ಲೆಕ್ಕಕ್ಕೆ ಬರುವುದಿಲ್ಲ. ಬರೀ ನೆನಪಿನ ಕಾಣಿಕೆ ಅಂದುಕೊಂಡು ಲಗೇಜಿನಲ್ಲಿ ಹಾಕಿಕೊಂಡು ಬರಬೇಡಿ, ಮೊದಲು ವಕೀಲರನ್ನು ಕೇಳಿ.

ನಮ್ಮ ಟಿಪ್ಪು ಕಾಲದ ಕೋವಿಗೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇಲ್ಲ, ಕಾಲ ಒಂದೇ. ಲ್ಯಾಂಕಾಸ್ಟರ್‌ನಲ್ಲಿ ಡಿಕರ್ಟ್ ಕೆಲಸ ಮಾಡುತ್ತಿದ್ದಾಗಲೇ ಶ್ರೀರಂಗಪಟ್ಟಣದಲ್ಲೂ ಚಕಮಕಿ ಕೋವಿ ತಯಾರಾಗುತ್ತಿತ್ತು. ಟಿಪ್ಪುವಿನ ಸ್ವಂತದ ಕೋವಿಗಳಲ್ಲಿ ಹುಲಿ ಮುಖ, ಹುಲಿ ಪಟ್ಟೆ. ಅವು ಅರಮನೆಯ ಕೆಲಸ. ಲಾಂಗ್ ರೈಫಲ್ ರೈತರ, ಬೇಟೆಗಾರರ ಕೋವಿ. ಒಂದು ಸಂಗತಿ ಮಾತ್ರ ಹೇಳಲೇಬೇಕು: 1782ರಲ್ಲಿ ಇದೇ ಪೆನ್ಸಿಲ್ವೇನಿಯಾದ ಯುದ್ಧದ ಹಡಗೊಂದಕ್ಕೆ ಹೈದರ್ ಅಲಿಯ ಹೆಸರಿತ್ತು. ಬ್ರಿಟಿಷರಿಗೆ ಮೈಸೂರಿನಲ್ಲಿ ಬೀಳುತ್ತಿದ್ದ ಏಟಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಜೋಶುವಾ ಬಾರ್ನಿ ನಡೆಸಿದ ಆ ಹಡಗು ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಹಡಗನ್ನು ಹಿಡಿಯಿತು.

ಒಳ್ಳೆಯ ಕೋವಿಗಳನ್ನು ಎಲ್ಲಿ ನೋಡಬಹುದು?

ನಾಜರೆತ್ ಹತ್ತಿರ ಜೇಕಬ್ಸ್‌ಬರ್ಗ್‌ನಲ್ಲಿ ಲಾಂಗ್ ರೈಫಲ್‌ಗೇ ಮೀಸಲಾದ ಮ್ಯೂಸಿಯಂ ಇದೆ, ಹೆನ್ರಿ ಮನೆತನದವರು ತಲೆಮಾರುಗಟ್ಟಲೆ ಕೋವಿ ಮಾಡಿದ ಬೋಲ್ಟನ್ ಅಲ್ಲೇ. ಲ್ಯಾಂಕಾಸ್ಟರ್‌ನ ಲ್ಯಾಂಡಿಸ್ ವ್ಯಾಲಿ ಮ್ಯೂಸಿಯಂ, ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನ ಆಯುಧ ವಿಭಾಗ ಕೂಡ ನೋಡಿ. ಕೊಳ್ಳುವ ಮೊದಲು ಅಸಲಿ ಗೆರೆ ಕಣ್ಣಿಗೆ ಅಭ್ಯಾಸವಾಗಬೇಕು. ಫೋಟೋ ಎಷ್ಟು ನೋಡಿದರೂ ಅದು ಬರುವುದಿಲ್ಲ.

ತಿಳಿದವರಿಗೆ ಫೋಟೋ ಕಳಿಸಬೇಕು, ಹೇಗೆ ತೆಗೆಯಲಿ?

ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಇಡೀ ಕೋವಿ ಎರಡೂ ಮಗ್ಗುಲಿಂದ, ಕ್ಯಾಮೆರಾ ನೇರಕ್ಕೆ ಹಿಡಿದು. ಓರೆಯಾದರೆ ಗೆರೆಯೇ ತಪ್ಪಾಗಿ ಕಾಣುತ್ತದೆ. ಆಮೇಲೆ ಲಾಕ್ ಹೊರಗೆ ಮತ್ತು ಒಳಗೆ, ಬೆಂಕಿ ತೂತು ಹತ್ತಿರದಿಂದ, ಪೆಟ್ಟಿಗೆ ಮುಚ್ಚಿ ಮತ್ತು ತೆರೆದು, ಕೆನ್ನೆ ಕಡೆಯ ಕೆತ್ತನೆ, ಭುಜಕ್ಕೆ ಒತ್ತುವ ತಗಡು ಹಿಂದಿನಿಂದ, ನಳಿಗೆಯ ಮೇಲಿನ ಹೆಸರು, ಬಾಯಿ. ಪಕ್ಕದಲ್ಲಿ ಅಳತೆ ಪಟ್ಟಿ ಇಡಿ. ಮುರಿದ ಜಾಗ, ತೇಪೆ, ಸೀಳು ಎಲ್ಲವನ್ನೂ ಸೇರಿಸಿಯೇ ತೆಗೆಯಿರಿ, ನೋಡುವವರಿಗೆ ಬೇಕಾಗಿರುವುದು ಮೊದಲು ಅವೇ.